ಪ್ರಶ್ನೋತ್ತರ: ಕರಾವಳಿಯ ಅಡುಗೆಮನೆಯಲ್ಲಿ ಬ್ರೆಡ್ ಯಂತ್ರ

ಮನೆಯಲ್ಲೇ ಬ್ರೆಡ್ ತಯಾರಿಸುವ ಯಂತ್ರದ ಬಗ್ಗೆ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಹೊಸದುರ್ಗದವರೆಗಿನ ಓದುಗರು ಕಳುಹಿಸಿದ ಪ್ರಶ್ನೆಗಳು ಸಾಕಷ್ಟು ಸೇರಿದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಡಲಾಗಿದೆ. ಹಿಟ್ಟು ನಾದುವುದು, ಉಬ್ಬಲು ಬಿಡುವುದು, ಬೇಯಿಸುವುದು, ಇಷ್ಟನ್ನೂ ಒಂದೇ ಪಾತ್ರೆಯೊಳಗೆ ಮಾಡಿ ಮುಗಿಸುವ ಈ ಯಂತ್ರ 1980ರ ದಶಕದ ಉತ್ತರಾರ್ಧದಲ್ಲಿ ಜಪಾನಿನ ಮಾರುಕಟ್ಟೆಗೆ ಬಂತು. ಮತ್ಸುಶಿತಾ (ಇಂದಿನ ಪ್ಯಾನಾಸೋನಿಕ್) ಕಂಪನಿಯ ಯಂತ್ರ ಹೊರಬಂದದ್ದು 1987ರಲ್ಲಿ. ನಮಗೆ ಪತ್ರ ಬರೆದವರಲ್ಲಿ ಹೆಚ್ಚಿನವರ ಮನೆಗೆ ಅದು ಬಂದಿರುವುದು ಗಲ್ಫ್‌ನಿಂದ ರಜೆಯಲ್ಲಿ ಬಂದವರ ಪೆಟ್ಟಿಗೆಯಲ್ಲಿ. ಯಂತ್ರದ ಜೊತೆಗಿರುವ ಪುಸ್ತಿಕೆಯ ಅಳತೆಗಳೆಲ್ಲ ಸುಮಾರು 20ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ, ಗಾಳಿಯಲ್ಲಿ ತೇವ ಕಡಿಮೆಯಿರುವ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಬಂದಿರುವ ದೂರುಗಳಲ್ಲಿ ಬಹುಪಾಲು ಆ ಕೋಣೆಗೂ ನಮ್ಮ ಅಡುಗೆಮನೆಗೂ ಇರುವ ವ್ಯತ್ಯಾಸದಿಂದಲೇ ಹುಟ್ಟಿದವು ಎಂಬುದು ಮುಂದಿನ ಉತ್ತರಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ.

ಮಗ ಅಬುಧಾಬಿಯಿಂದ ತಂದುಕೊಟ್ಟ ಯಂತ್ರದಲ್ಲಿ ಡಿಸೆಂಬರ್, ಜನವರಿಯಲ್ಲಿ ಬ್ರೆಡ್ ಚೆನ್ನಾಗಿಯೇ ಬರುತ್ತಿತ್ತು. ಮಾರ್ಚ್ ಕಳೆದ ಮೇಲೆ ಅದೇ ಅಳತೆಯಲ್ಲಿ ಹಾಕಿದರೂ ಹಿಟ್ಟು ಮುಚ್ಚಳಕ್ಕೆ ತಾಗುವಷ್ಟು ಉಬ್ಬಿ, ಬೇಯುವ ಹೊತ್ತಿಗೆ ನಡು ಕುಸಿದು ಹೊಂಡವಾಗುತ್ತದೆ. ಯಂತ್ರ ಕೆಟ್ಟಿದೆಯೇ?
— ಗೃಹಿಣಿ, ನೀರ್ಚಾಲು

ಯಂತ್ರ ಕೆಟ್ಟಿಲ್ಲ. ಅದು ಗಡಿಯಾರವನ್ನು ನಂಬಿ ಕೆಲಸ ಮಾಡುತ್ತದೆಯೇ ಹೊರತು ಹಿಟ್ಟನ್ನು ನೋಡಿ ಅಲ್ಲ. ಸಾಮಾನ್ಯ ಬ್ರೆಡ್ಡಿನ ಕಾರ್ಯಕ್ರಮ ಮೂರರಿಂದ ನಾಲ್ಕು ಗಂಟೆಯದು. ಅದರಲ್ಲಿ ನಾದುವುದಕ್ಕೆ ಇಷ್ಟು, ಉಬ್ಬುವುದಕ್ಕೆ ಇಷ್ಟು, ಕೊನೆಯ ಒಂದು ಗಂಟೆಯಷ್ಟು ಬೇಯುವುದಕ್ಕೆ ಎಂದು ಮೊದಲೇ ಗೊತ್ತುಪಡಿಸಿರುತ್ತಾರೆ. ಹಿಟ್ಟಿನೊಳಗಿನ ಯೀಸ್ಟ್ ಮಾತ್ರ ಗಡಿಯಾರವನ್ನು ಲೆಕ್ಕಿಸುವುದಿಲ್ಲ. ಸೆಕೆಗಾಲದಲ್ಲಿ ದೋಸೆಹಿಟ್ಟು ಬೆಳಗಾಗುವ ಮೊದಲೇ ಪಾತ್ರೆಯಿಂದ ಉಕ್ಕಿ ಚೆಲ್ಲುವುದು ಯಾವ ಕಾರಣಕ್ಕೋ ಇಲ್ಲಿಯೂ ಅದೇ ಕಾರಣ. ಏಪ್ರಿಲ್‌ನಲ್ಲಿ ನಿಮ್ಮ ಅಡುಗೆಮನೆಯ ಉಷ್ಣತೆ 32 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ನಲ್ಲಿಯ ನೀರೂ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗಿರುತ್ತದೆ, ಇದರ ಮೇಲೆ ನಾದುವ ಅಲಗು ತಿರುಗುವಾಗಿನ ತಿಕ್ಕಾಟದಿಂದ ಹಿಟ್ಟು ಇನ್ನಷ್ಟು ಕಾವೇರುತ್ತದೆ. ಹೀಗೆ ಹಿಟ್ಟು ಬೇಗ ಉಬ್ಬಿ, ಗೋಧಿಯ ಅಂಟು, ಅಂದರೆ ಗ್ಲುಟೆನ್, ಹೆಣೆದ ಬಲೆ ಹಿಗ್ಗುವಷ್ಟು ಹಿಗ್ಗಿದ ಮೇಲೂ ಯಂತ್ರ ತನ್ನ ಅವಧಿ ಮುಗಿಯುವವರೆಗೆ ಕಾಯುತ್ತಲೇ ಇರುತ್ತದೆ. ಕೊನೆಗೆ ಬೇಯಿಸುವ ಹಂತ ಬಂದಾಗ ಬಲೆಗೆ ಹಿಡಿದು ನಿಲ್ಲುವ ಶಕ್ತಿ ಉಳಿದಿರುವುದಿಲ್ಲವಾದ್ದರಿಂದ ನಡುಭಾಗ ಕುಸಿಯುತ್ತದೆ.

ನಾದಿ ಮುಗಿದಾಗ ಹಿಟ್ಟಿನ ಉಷ್ಣತೆ 26 ಡಿಗ್ರಿಯ ಸುತ್ತಮುತ್ತ ಇರುವಂತೆ ನೋಡಿಕೊಳ್ಳುವುದೇ ಇದಕ್ಕೆ ಪರಿಹಾರ. ಪುಸ್ತಿಕೆಯಲ್ಲಿ ಉಗುರುಬೆಚ್ಚಗಿನ ನೀರು ಎಂದು ಬರೆದಿದ್ದರೂ ಫೆಬ್ರವರಿಯಿಂದ ಮೇ ಕೊನೆಯವರೆಗೆ ಫ್ರಿಜ್‌ನಲ್ಲಿಟ್ಟ ತಣ್ಣೀರನ್ನೇ ಹಾಕಿರಿ. ಅಷ್ಟರಿಂದ ಸಾಲದಿದ್ದರೆ ಮೈದಾವನ್ನೂ ಹಿಂದಿನ ರಾತ್ರಿ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಬಹುದು. ಅರ್ಧ ಕಿಲೋ ತೂಗುವ ಒಂದು ಬ್ರೆಡ್ಡಿಗೆ 300 ಗ್ರಾಂ ಮೈದಾ, 190 ಮಿಲಿಲೀಟರ್ ನೀರು, 5 ಗ್ರಾಂ ಉಪ್ಪು, 12 ಗ್ರಾಂ ಸಕ್ಕರೆ, 15 ಗ್ರಾಂ ಎಣ್ಣೆ ಅಥವಾ ಬೆಣ್ಣೆ, 3 ಗ್ರಾಂ ಇನ್‌ಸ್ಟಂಟ್ ಯೀಸ್ಟ್, ಇದು ಚಳಿಗಾಲದ ಅಳತೆ. ಸೆಕೆಗಾಲದಲ್ಲಿ ಯೀಸ್ಟನ್ನು 2 ಗ್ರಾಂಗೆ ಇಳಿಸಿರಿ. ಉಪ್ಪನ್ನು ಮಾತ್ರ ಯಾವ ಕಾರಣಕ್ಕೂ ಕಡಿಮೆ ಮಾಡಬೇಡಿ, ಏಕೆಂದರೆ ರುಚಿಗಷ್ಟೇ ಅಲ್ಲದೆ ಯೀಸ್ಟಿನ ವೇಗವನ್ನು ಹಿಡಿದಿಡುವುದಕ್ಕೂ ಅಂಟಿನ ಬಲೆಯನ್ನು ಬಿಗಿಗೊಳಿಸುವುದಕ್ಕೂ ಉಪ್ಪು ಬೇಕು. ಇಷ್ಟಾದರೂ ಕುಸಿಯುವುದು ನಿಲ್ಲದಿದ್ದರೆ, ಯೀಸ್ಟಿನ ಪ್ರಮಾಣ ಹೆಚ್ಚಿಸದೆಯೇ ಯಂತ್ರದ ವೇಗದ ಕಾರ್ಯಕ್ರಮವನ್ನು ಆರಿಸಿಕೊಳ್ಳಿ. ತಂಪುದೇಶದವರಿಗೆ ತುಸು ಅವಸರದ್ದೆನಿಸುವ ಆ ಅವಧಿ ನಮ್ಮ ಏಪ್ರಿಲ್‌ಗೆ ಸರಿಯಾಗಿ ಹೊಂದುತ್ತದೆ.

ಮಳೆಗಾಲದಲ್ಲಿ ತೊಂದರೆಯ ಸ್ವರೂಪ ಬೇರೆ. ಜೂನ್ ತಿಂಗಳಿನಿಂದ ಡಬ್ಬಿಯಲ್ಲಿರುವ ಹಿಟ್ಟೇ ಗಾಳಿಯ ತೇವವನ್ನು ಹೀರಿಕೊಂಡಿರುವುದರಿಂದ ಎಂದಿನಷ್ಟು ನೀರು ಹಾಕಿದರೆ ಮುದ್ದೆ ಸಡಿಲವಾಗಿ, ಮತ್ತೆ ಅದೇ ಹೊಂಡ ಬೀಳುತ್ತದೆ. ಆಗ ನೀರನ್ನು 180 ಮಿಲಿಲೀಟರ್‌ಗೆ ಇಳಿಸಿ, ನಾದುವಿಕೆ ಆರಂಭವಾಗಿ ಹತ್ತು ನಿಮಿಷವಾದ ಮೇಲೆ ಮುಚ್ಚಳ ತೆರೆದು ನೋಡಿರಿ. ನಾದುವ ಹೊತ್ತಿನಲ್ಲಿ ಮುಚ್ಚಳ ತೆರೆಯುವುದರಿಂದ ಏನೂ ಹಾನಿಯಿಲ್ಲ. ತೆರೆಯಬಾರದ್ದು ಕೊನೆಯ ಉಬ್ಬಿನ ಮತ್ತು ಬೇಯುವಿಕೆಯ ಸಮಯದಲ್ಲಿ. ಹಿಟ್ಟು ಪಾತ್ರೆಯ ಗೋಡೆಯನ್ನು ಬಿಟ್ಟು ನಯವಾದ ಉಂಡೆಯಾಗಿ ತಿರುಗುತ್ತಿರಬೇಕು, ಬೆರಳಿಟ್ಟರೆ ಅಂಟಿದಂತಾಗಿ ಬಿಟ್ಟುಕೊಳ್ಳಬೇಕು. ತಳದಲ್ಲಿ ಹರಡಿಕೊಂಡಿದ್ದರೆ ಒಂದೊಂದೇ ಚಮಚ ಮೈದಾ, ಒಣಗಿ ತುಂಡುತುಂಡಾಗಿದ್ದರೆ ಒಂದೊಂದೇ ಚಮಚ ನೀರು ಸೇರಿಸುತ್ತಾ ಸರಿಪಡಿಸಬಹುದು. ಯಂತ್ರಕ್ಕಿಲ್ಲದ ಕಣ್ಣನ್ನು ನಾವು ಕೊಡಬೇಕಾದದ್ದು ಈ ಒಂದು ಗಳಿಗೆಯಲ್ಲಿ ಮಾತ್ರ; ಇದನ್ನು ತಪ್ಪಿಸದೆ ಮಾಡಿದವರಿಗೆ ಪುಸ್ತಿಕೆಯೇ ಬೇಕಾಗುವುದಿಲ್ಲ ಎಂದರೂ ಹೆಚ್ಚಲ್ಲ. ಅಳತೆಗೆ ಲೋಟವನ್ನು ನಂಬದೆ ಒಂದು ಸಣ್ಣ ಡಿಜಿಟಲ್ ತಕ್ಕಡಿ ತರಿಸಿಕೊಳ್ಳಿ. ಒತ್ತಿ ತುಂಬಿದ ಲೋಟಕ್ಕೂ ಸಡಿಲವಾಗಿ ತುಂಬಿದ ಲೋಟಕ್ಕೂ ಇಪ್ಪತ್ತು, ಮೂವತ್ತು ಗ್ರಾಂಗಳ ಅಂತರ ಸುಲಭವಾಗಿ ಬರುತ್ತದೆ.

ಮೈದಾ ಬೇಡವೆಂದೇ ಯಂತ್ರ ಕೊಂಡವನು ನಾನು. ಗಿರಣಿಯಲ್ಲಿ ಬೀಸಿಸಿದ ಗೋಧಿ ಹಿಟ್ಟಿನಲ್ಲಿ ಮಾಡಿದರೆ ಬ್ರೆಡ್ ಉಬ್ಬದೆ ಗಟ್ಟಿಯಾಗಿ ಉಳಿಯುತ್ತದೆ. ನಮ್ಮ ಗೋಧಿಯಲ್ಲಿ ಸತ್ವ ಕಡಿಮೆಯೇ?
— ನಿವೃತ್ತ ಉಪಾಧ್ಯಾಯರು, ಪೆರ್ಲ

ಸತ್ವ ಕಡಿಮೆಯಿಲ್ಲ, ಗೋಧಿ ಹಿಟ್ಟಿನ ಪ್ರೊಟೀನು ಪ್ರಮಾಣದಲ್ಲಿ ಮೈದಾಕ್ಕಿಂತ ಹಿಂದೆ ಬೀಳುವಂಥದ್ದಲ್ಲ. ಆದರೆ ಹಿಟ್ಟಿನಲ್ಲಿ ಉಳಿದಿರುವ ತೌಡಿನ ಚೂಪಾದ ಚೂರುಗಳು ಅಂಟಿನ ಬಲೆಯನ್ನು ಅಲ್ಲಲ್ಲಿ ಕತ್ತರಿಸುತ್ತವೆ, ಅಲ್ಲದೆ ಬಲೆ ಹೆಣೆಯಲು ಬೇಕಾದ ನೀರನ್ನು ತಾವೇ ಹೀರಿಕೊಳ್ಳುತ್ತವೆ. ಕಲ್ಲಿನ ಗಿರಣಿಯಲ್ಲಿ ಬೀಸುವಾಗ ಪಿಷ್ಟದ ಕಣಗಳೂ ಬಹಳಷ್ಟು ಒಡೆಯುವುದರಿಂದ ನೀರಿನ ಬೇಡಿಕೆ ಇನ್ನೂ ಹೆಚ್ಚುತ್ತದೆ. ಚಪಾತಿ ಮೆತ್ತಗಿರಲು ಇದು ಒಳ್ಳೆಯದೇ, ಬ್ರೆಡ್ಡಿಗೆ ಅಷ್ಟು ಅನುಕೂಲವಲ್ಲ.

300 ಗ್ರಾಂ ಗೋಧಿ ಹಿಟ್ಟಿಗೆ 215ರಿಂದ 225 ಮಿಲಿಲೀಟರ್ ನೀರು ಹಾಕಿ, ಯಂತ್ರವನ್ನು ಐದು ನಿಮಿಷ ನಡೆಸಿ, ನಿಲ್ಲಿಸಿ, ಅರ್ಧ ಗಂಟೆ ಹಾಗೆಯೇ ಬಿಟ್ಟು, ಆ ಮೇಲೆ ಕಾರ್ಯಕ್ರಮವನ್ನು ಮೊದಲಿನಿಂದ ಆರಂಭಿಸಿರಿ. ಈ ವಿರಾಮದಲ್ಲಿ ತೌಡು ನೆನೆದು ಮೆತ್ತಗಾಗುತ್ತದೆ. ಯೀಸ್ಟನ್ನು ವಿರಾಮದ ನಂತರವೇ ಸೇರಿಸುವುದು ಒಳ್ಳೆಯದು. ಅನೇಕ ಯಂತ್ರಗಳ ಗೋಧಿ ಬ್ರೆಡ್ಡಿನ ಕಾರ್ಯಕ್ರಮವು ಸಾಮಗ್ರಿಗಳನ್ನು ಬೆಚ್ಚಗೆ ಮಾಡುವ ಹಂತದಿಂದ ಆರಂಭವಾಗುತ್ತದೆ. ಅದು ನಮ್ಮ ಹವೆಗೆ ಬೇಡ, ಸಾಮಾನ್ಯ ಕಾರ್ಯಕ್ರಮವೇ ಸಾಕು. ಅಂಗಡಿಗಳಲ್ಲಿ ಸಿಗುವ ಗ್ಲುಟೆನ್ ಪುಡಿಯನ್ನು ಒಂದೂವರೆ ದೊಡ್ಡ ಚಮಚದಷ್ಟು ಬೆರೆಸಿದರೆ ಎತ್ತರ ಕಾಣುವಷ್ಟು ಹೆಚ್ಚುತ್ತದೆ. ಆದರೂ ಪೂರ್ತಿ ಗೋಧಿ ಹಿಟ್ಟಿನ ಬ್ರೆಡ್ ಅಂಗಡಿಯ ಬ್ರೆಡ್ಡಿನಷ್ಟು ಹಗುರವಾಗಬೇಕೆಂದು ನಿರೀಕ್ಷಿಸುವುದು ಅದಕ್ಕೆ ಮಾಡುವ ಅನ್ಯಾಯ. ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟಿನಿಂದ ಆರಂಭಿಸಿ ಮೈದಾವನ್ನು ಕ್ರಮೇಣ ಇಳಿಸುತ್ತಾ ಬನ್ನಿ. ಮನೆಯವರ ನಾಲಿಗೆ ಎಲ್ಲಿ ಒಪ್ಪುತ್ತದೋ ಅಲ್ಲಿ ನಿಲ್ಲಿಸಿದರಾಯಿತು. ಅಂಗಡಿಯ ಕಂದು ಬ್ರೆಡ್ಡನ್ನು ಹೋಲಿಕೆಗೆ ತೆಗೆದುಕೊಳ್ಳುವ ಮೊದಲು ಪೊಟ್ಟಣದ ಮೇಲಿನ ಸಾಮಗ್ರಿಗಳ ಪಟ್ಟಿಯನ್ನು ಓದಿರಿ, ಏಕೆಂದರೆ ಕೆಲವದರ ಬಣ್ಣ ತೌಡಿನದಲ್ಲ, ಕ್ಯಾರಮೆಲ್‌ನದು.

ಅಮೆರಿಕದಲ್ಲಿರುವ ಮಗಳು ತನ್ನ ಹಳೆಯ ಯಂತ್ರವನ್ನು ಕಳುಹಿಸುತ್ತೇನೆನ್ನುತ್ತಾಳೆ. ಅಳಿಯನ ಅಣ್ಣ ಸೌದಿಯಲ್ಲಿದ್ದಾರೆ, ಅಲ್ಲಿಂದಲೂ ತರಿಸಬಹುದು. ಯಾವುದು ಮೇಲು?
— ಓದುಗರು, ಮಂಜೇಶ್ವರ

ಅಮೆರಿಕದ್ದು ಬೇಡ. ಅದು 120 ವೋಲ್ಟಿನದು; ನಮ್ಮ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇಟ್ಟರೂ ಅಲ್ಲಿಯ ವಿದ್ಯುತ್ತಿನ 60 ಹರ್ಟ್ಸ್‌ಗೆ ಬದಲಾಗಿ ಇಲ್ಲಿ 50 ಹರ್ಟ್ಸ್ ಇರುವುದರಿಂದ ಅನೇಕ ಮೋಟಾರುಗಳು ನಿಧಾನವಾಗಿ ತಿರುಗುತ್ತವೆ, ನಾದುವಿಕೆ ಸಾಲದೆ ಬರುತ್ತದೆ. ಯುಎಇ, ಕತಾರ್, ಕುವೈತ್, ಒಮಾನ್, ಬಹರೈನ್‌ಗಳ ಯಂತ್ರಗಳು ನಮ್ಮ ವಿದ್ಯುತ್ತಿಗೆ ಹೊಂದುತ್ತವೆ. ಸೌದಿಯಲ್ಲಿ 60 ಹರ್ಟ್ಸ್ ಇರುವುದಲ್ಲದೆ ಹಳೆಯ ಉಪಕರಣಗಳು 127 ವೋಲ್ಟಿನವಾಗಿರುವ ಸಾಧ್ಯತೆಯಿದೆ. ಆದುದರಿಂದ ತಳದ ಫಲಕದಲ್ಲಿ 220–240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಮಾತ್ರ ತರಿಸಿರಿ. ಚೌಕ ಕಡ್ಡಿಗಳ ಪ್ಲಗ್ ಇದ್ದರೆ ಎಲೆಕ್ಟ್ರಿಷಿಯನ್‌ನಿಂದ ಅರ್ತ್ ಇರುವ ದುಂಡು ಕಡ್ಡಿಯ ಪ್ಲಗ್ ಹಾಕಿಸಿಕೊಳ್ಳಿ.

ಆಟಿ ತಿಂಗಳ ಗಾಳಿಮಳೆಗೆ ನಮ್ಮಲ್ಲಿ ಯಾವ ಹೊತ್ತಿಗೆ ಕರೆಂಟು ಹೋಗುತ್ತದೆಂದು ಹೇಳುವಂತಿಲ್ಲ. ಬ್ರೆಡ್ ಅರ್ಧದಲ್ಲಿರುವಾಗ ಹೋದರೆ ಏನು ಮಾಡಬೇಕು? ಇನ್ವರ್ಟರ್‌ನಲ್ಲಿ ನಡೆಸಬಹುದೇ?
— ಕೃಷಿಕರು, ಬದಿಯಡ್ಕ

ಅನೇಕ ಯಂತ್ರಗಳು ಹತ್ತು, ಹದಿನೈದು ನಿಮಿಷಗಳ ಕಡಿತವಾದರೆ ಬಿಟ್ಟಲ್ಲಿಂದ ಮುಂದುವರಿಯುತ್ತವೆ. ಅದಕ್ಕಿಂತ ಹೆಚ್ಚಾದರೆ ನಿಂತ ಹಂತವನ್ನು ನೋಡಿ ತೀರ್ಮಾನಿಸಬೇಕು. ನಾದುವಾಗ ಹೋಗಿದ್ದರೆ ಕರೆಂಟು ಬಂದ ಮೇಲೆ ಮೊದಲಿನಿಂದ ಆರಂಭಿಸಿರಿ. ಉಬ್ಬುವಾಗ ಹೋಗಿದ್ದರೆ ಹಿಟ್ಟು ತನ್ನಷ್ಟಕ್ಕೆ ಉಬ್ಬುತ್ತಲೇ ಇರುತ್ತದೆ. ಅದು ಪಾತ್ರೆಯ ಮುಕ್ಕಾಲು ಭಾಗಕ್ಕೆ ಬಂದಾಗ ಕರೆಂಟು ಇದ್ದರೆ ಬೇಯಿಸುವ ಕಾರ್ಯಕ್ರಮವನ್ನು ಮಾತ್ರ ಆರಿಸಿರಿ. ಇಲ್ಲದಿದ್ದರೆ ಹಿಟ್ಟನ್ನು ಎಣ್ಣೆ ಸವರಿದ ಅಗಲ ಪಾತ್ರೆಗೆ ವರ್ಗಾಯಿಸಿ ಮತ್ತೆ ಅರ್ಧ ಗಂಟೆ ಉಬ್ಬಲು ಬಿಟ್ಟು, ದಪ್ಪ ತಳದ ದೊಡ್ಡ ಕುಕ್ಕರಿನೊಳಗೆ ಉಪ್ಪು ಹರಡಿ, ವೆಯ್ಟು ಮತ್ತು ಗ್ಯಾಸ್ಕೆಟ್ ತೆಗೆದು, ಹತ್ತು ನಿಮಿಷ ಕಾಯಿಸಿಕೊಂಡು, ಅದರಲ್ಲಿಟ್ಟು ಮಂದ ಉರಿಯಲ್ಲಿ ಮುಕ್ಕಾಲು ಗಂಟೆಯಷ್ಟು ಬೇಯಿಸಬಹುದು. ಮೇಲ್ಭಾಗ ಕೆಂಪಗಾಗುವುದಿಲ್ಲ, ತಿನ್ನಲು ಏನೂ ಅಡ್ಡಿಯಿಲ್ಲ.

ಇನ್ವರ್ಟರ್ ವಿಚಾರ: ನಾದುವಾಗ ಈ ಯಂತ್ರ ಬಳಸುವ ವಿದ್ಯುತ್ತು ಅಲ್ಪ. ಬೇಯಿಸುವಾಗ ಮಾತ್ರ ಅದು 500ರಿಂದ 600 ವಾಟ್ ಎಳೆಯುತ್ತದೆ. ಮನೆಗಳಲ್ಲಿರುವ 850 ಅಥವಾ 900 ವಿಎ ಇನ್ವರ್ಟರಿಗೆ ದೀಪ, ಫ್ಯಾನುಗಳ ಜೊತೆ ಈ ಭಾರವೂ ಬಿದ್ದರೆ ಅದು ನಿಂತುಬಿಡುತ್ತದೆ. ಒಂದು ಬ್ರೆಡ್ಡಿಗೆ ತಗಲುವ ಒಟ್ಟು ವಿದ್ಯುತ್ತು ಅರ್ಧ ಯೂನಿಟ್ ಮೀರುವುದಿಲ್ಲವಾದ್ದರಿಂದ ಬಿಲ್ಲಿನ ಚಿಂತೆ ಬೇಡ.

ರಾತ್ರಿ ಎಲ್ಲವನ್ನೂ ತುಂಬಿಸಿ ಟೈಮರ್ ಇಟ್ಟು ಮಲಗಿದರೆ ಬೆಳಗ್ಗೆ ಬಿಸಿ ಬ್ರೆಡ್ ಸಿಗುತ್ತದೆ ಎನ್ನುತ್ತಾರೆ. ನೀರಿನ ಬದಲು ಹಾಲು ಹಾಕಬಹುದೇ?
— ನೌಕರಿಯಲ್ಲಿರುವ ತಾಯಿ, ಉಪ್ಪಳ

ಟೈಮರ್ ಇಡುವಾಗ ಹಾಲು, ಮೊಟ್ಟೆ ಬೇಡ. ಇಲ್ಲಿಯ ರಾತ್ರಿಯ ಸೆಕೆಗೆ ಅವು ಕೆಡುತ್ತವೆ. ಹಾಲಿನ ಪುಡಿಯನ್ನು ಹಿಟ್ಟಿನೊಂದಿಗೆ ಬೆರೆಸಿ ನೀರು ಹಾಕಿರಿ. ಕೆಳಗೆ ನೀರು, ಅದರ ಮೇಲೆ ಹಿಟ್ಟು, ಹಿಟ್ಟಿನ ನಡುವೆ ಸಣ್ಣ ಗುಳಿ ಮಾಡಿ ಯೀಸ್ಟ್, ಉಪ್ಪು ಮೂಲೆಯಲ್ಲಿ. ಯೀಸ್ಟಿಗೆ ನೀರು ತಾಗದಿರುವುದೇ ಮುಖ್ಯ. ಕೆಲವು ಕಂಪನಿಗಳ ಯಂತ್ರಗಳಲ್ಲಿ ಯೀಸ್ಟ್ ತಳದಲ್ಲಿ, ನೀರು ಮೇಲೆ ಎಂದಿರುತ್ತದೆ. ಈ ಒಂದು ವಿಷಯದಲ್ಲಿ ಪುಸ್ತಿಕೆ ಹೇಳಿದಂತೆಯೇ ನಡೆಯಿರಿ.

ನಮ್ಮ ಅತ್ತೆಯವರು ಯೀಸ್ಟ್ ಎಂದರೆ ಜೀವಿ, ಅದು ನಮಗಾಗದು ಎನ್ನುತ್ತಾರೆ. ಯೀಸ್ಟ್ ಸಸ್ಯಾಹಾರವೇ? ಅದರ ಬದಲು ಬೇರೇನಾದರೂ ಬಳಸಬಹುದೇ?
— ಸೊಸೆ, ಮುಳ್ಳೇರಿಯ

ಅತ್ತೆಯವರು ಹೇಳಿದ್ದು ಸುಳ್ಳಲ್ಲ, ಯೀಸ್ಟ್ ಜೀವಿಯೇ. ಆದರೆ ಪ್ರಾಣಿಯಲ್ಲ, ಶಿಲೀಂಧ್ರ ವರ್ಗಕ್ಕೆ ಸೇರಿದ ಏಕಕೋಶಜೀವಿ. ಇಡ್ಲಿ, ದೋಸೆಯ ಹಿಟ್ಟು ಹುಳಿ ಬರುವಾಗಲೂ ಬ್ಯಾಕ್ಟೀರಿಯಾಗಳೊಂದಿಗೆ ಹಲವು ಬಗೆಯ ಯೀಸ್ಟ್‌ಗಳು ಅಲ್ಲಿ ಕೆಲಸ ಮಾಡುತ್ತಿರುತ್ತವೆ. ಆಚಾರದ ದೃಷ್ಟಿಯಿಂದ ಬೇಡವೆನ್ನುವವರೊಡನೆ ವಾದಿಸುವುದು ಈ ಅಂಕಣದ ಕೆಲಸವಲ್ಲ, ವಿಜ್ಞಾನದ ಉತ್ತರ ಇಷ್ಟೇ.

ಬದಲಿ ಕೇಳಿದ್ದೀರಿ. ಕೇರಳದಲ್ಲಿ ಅಪ್ಪಂ ಹಿಟ್ಟನ್ನು ಕಳ್ಳು ಹಾಕಿ ಉಬ್ಬಿಸುವ ರೂಢಿ ಹಳೆಯದು, ಗೋವಾದ ಪಾವ್ ಕೂಡ ಹಿಂದೆ ಹಾಗೆಯೇ ಆಗುತ್ತಿತ್ತು. ನಮ್ಮ ನೆರೆಯ ತಲಶ್ಶೇರಿಯಲ್ಲಿ ಮಂಬಳ್ಳಿ ಬಾಪು 1880ರಲ್ಲಿ ಬೇಕರಿ ತೆರೆದ ಕಾಲದಲ್ಲಿ ಇಂದಿನ ಹರಳು ಯೀಸ್ಟ್ ಪೊಟ್ಟಣಗಳು ಎಲ್ಲಿದ್ದವು! ಆದರೆ ಕಳ್ಳಿನಲ್ಲಿರುವುದೂ ಯೀಸ್ಟೇ ಆದ್ದರಿಂದ ಅತ್ತೆಯವರಿಗೆ ಅದು ಇನ್ನಷ್ಟು ಆಗದು. ಮೇಲಾಗಿ ಕಳ್ಳು ಒಂದೊಂದು ದಿನ ಒಂದೊಂದು ವೇಗದಲ್ಲಿ ಕೆಲಸ ಮಾಡುತ್ತದೆ, ಅದಕ್ಕಾಗಿ ಯಂತ್ರ ಕಾಯುವುದಿಲ್ಲ. ಯೀಸ್ಟೇ ಬೇಡವೆಂದಾದರೆ ಮೊಸರು ಮತ್ತು ಅಡುಗೆ ಸೋಡಾ ಸೇರಿಸಿ, ಹೆಚ್ಚು ನಾದದೆ, ಕೂಡಲೇ ಬೇಯಿಸುವ ಬ್ರೆಡ್ ಮಾಡಬಹುದು. ಯಂತ್ರದ ಕೇಕ್ ಕಾರ್ಯಕ್ರಮ ಅದಕ್ಕೆ ಸಾಕು. ಕತ್ತರಿಸುವಾಗ ಪುಡಿಯಾಗುವ ಸ್ವಭಾವ ಅದರದು.

ತೋಟದ ತೆಂಗಿನಕಾಯಿ ಧಾರಾಳವಾಗಿದೆ. ಕಾಯಿಹಾಲು, ಹಾಲು ಹಿಂಡಿ ಉಳಿದ ತುರಿ, ತೆಂಗಿನೆಣ್ಣೆ ಇವನ್ನು ಬ್ರೆಡ್ಡಿಗೆ ಬಳಸುವ ಕ್ರಮ ತಿಳಿಸಿ. ಹಲಸಿನಕಾಯಿ ಹುಡಿಯೂ ಇದೆ.
— ತೋಟದ ಮನೆಯವರು, ಕುಂಬಳೆ

ತೆಂಗಿನೆಣ್ಣೆಯನ್ನು ಬೆಣ್ಣೆಯ ಬದಲು ಅಷ್ಟೇ ತೂಕದಲ್ಲಿ ಹಾಕಬಹುದು. ಸುಮಾರು 24 ಡಿಗ್ರಿಯ ಕೆಳಗೆ ಅದು ಹೆಪ್ಪುಗಟ್ಟುವುದರಿಂದ ಫ್ರಿಜ್‌ನ ತಣ್ಣೀರಿಗೆ ಸುರಿದರೆ ಮೇಣದಂತೆ ತೇಲುತ್ತದೆ. ಆದ್ದರಿಂದ ಹಿಟ್ಟು ಉಂಡೆಯಾದ ನಂತರ ಸೇರಿಸಿರಿ. ಮೊದಲ ಗಟ್ಟಿ ಕಾಯಿಹಾಲಿನಲ್ಲಿ ಕೊಬ್ಬು ಹೆಚ್ಚಿರುವುದರಿಂದ ಪೂರ್ತಿ ಅದನ್ನೇ ಹಾಕಿದರೆ ಹಿಟ್ಟು ಭಾರವಾಗಿ ಕಡಿಮೆ ಉಬ್ಬುತ್ತದೆ. ಎರಡನೆಯ ತೆಳು ಹಾಲು ಒಳ್ಳೆಯದು, ನೀರಿನ ಬದಲು ಅದನ್ನೇ ಹಾಕಿ ಎಣ್ಣೆಯನ್ನು ಬಿಟ್ಟುಬಿಡಬಹುದು. ನೆನಪಿರಲಿ, ಕಾಯಿಹಾಲು ಹಾಕಿದ ದಿನ ಟೈಮರ್ ಇಲ್ಲ.

ಹಾಲು ಹಿಂಡಿದ ತುರಿಯನ್ನು ಒಣಗಿಸಿ ಮಿಕ್ಸಿಯಲ್ಲಿ ಪುಡಿ ಮಾಡಿದರೆ ಒಳ್ಳೆಯ ತೆಂಗಿನ ಹಿಟ್ಟು ಸಿಗುತ್ತದೆ. ಅದರಲ್ಲಿ ನಾರು ಧಾರಾಳ, ಗ್ಲುಟೆನ್ ಲವಲೇಶವೂ ಇಲ್ಲ. ಆದುದರಿಂದ 300 ಗ್ರಾಂ ಹಿಟ್ಟಿನಲ್ಲಿ 30 ಗ್ರಾಂ ಮೀರದಂತೆ ಬಳಸಿ, ಅದು ಹೀರುವ ನೀರಿಗಾಗಿ ಎರಡು ಮೂರು ದೊಡ್ಡ ಚಮಚ ನೀರು ಹೆಚ್ಚಿಸಿರಿ. ಹಲಸಿನಕಾಯಿ ಹುಡಿಗೂ ಇದೇ ಮಿತಿ. ಸಕ್ಕರೆಯ ಬದಲು ತೆಂಗಿನ ಸಕ್ಕರೆ ಹಾಕುವುದಾದರೆ ಬ್ರೆಡ್ಡಿಗೆ ತಿಳಿಗಂದು ಬಣ್ಣವೂ ಬೆಲ್ಲದಂಥ ಪರಿಮಳವೂ ಬರುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ನಾವೆಲ್ಲ ಸಿಪಿಸಿಆರ್‌ಐ ಎನ್ನುವ ಸಂಸ್ಥೆ, ಕಲ್ಪರಸವನ್ನು, ಅಂದರೆ ತೆಂಗಿನ ಹೊಂಬಾಳೆಯ ಹುಳಿಯದ ಸಿಹಿರಸವನ್ನು, ಇಳಿಸುವ ಮತ್ತು ಅದರಿಂದ ಸಕ್ಕರೆ ತಯಾರಿಸುವ ವಿಧಾನವನ್ನು ರೂಪಿಸಿದೆ. ತೋಟವಿರುವವರು ಅಲ್ಲಿ ವಿಚಾರಿಸುವುದು ಲಾಭದಾಯಕ.

ಮಳೆಗಾಲದಲ್ಲಿ ಮಾಡಿದ ಬ್ರೆಡ್ ಮರುದಿನಕ್ಕೆ ಹಣ್ಣಾದ ಅನಾನಸಿನಂತೆ ವಾಸನೆ ಬಂದು, ಮುರಿದರೆ ಒಳಗೆ ಅಂಟಂಟಾಗಿ ನೂಲು ಏಳುತ್ತಿತ್ತು. ಬೂಸ್ಟು ಏನೂ ಕಾಣಿಸಲಿಲ್ಲ. ಫ್ರಿಜ್‌ನಲ್ಲಿಟ್ಟರೆ ಬಿರುಸಾಗುತ್ತದೆ. ಅಂಗಡಿಯ ಬ್ರೆಡ್ ನಾಲ್ಕೈದು ದಿನ ಮೆತ್ತಗೇ ಇರುತ್ತದಲ್ಲ?
— ಗೃಹಿಣಿ, ಹೊಸದುರ್ಗ

ನೀವು ಕಂಡದ್ದು ಬೂಸ್ಟಲ್ಲ, ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾದ ಕೆಲಸ. ಮಣ್ಣಿನಿಂದ ಧಾನ್ಯಕ್ಕೂ ಅದರಿಂದ ಹಿಟ್ಟಿಗೂ ಬರುವ ಇದರ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ, ಏಕೆಂದರೆ ಹೊರಮೈ ಎಷ್ಟೇ ಕೆಂಪಗಾದರೂ ಬ್ರೆಡ್ಡಿನ ತಿರುಳಿನ ಉಷ್ಣತೆ 100 ಡಿಗ್ರಿ ದಾಟುವುದಿಲ್ಲ. ಬೆಚ್ಚಗೂ ತೇವವಾಗಿಯೂ ಇಟ್ಟರೆ ಅವು ಮೊಳೆತು ತಿರುಳನ್ನು ಕರಗಿಸುತ್ತವೆ. ಅಂಥ ಬ್ರೆಡ್ಡನ್ನು ಕರಟಿಸಿಯೂ ತಿನ್ನಬಾರದು, ದನಕ್ಕೂ ಹಾಕಬೇಡಿ, ಎಸೆದುಬಿಡಿ. ಪಾತ್ರೆ, ಅಲಗು, ಚಾಕು, ಕತ್ತರಿಸುವ ಮಣೆ, ಬ್ರೆಡ್ ಇಟ್ಟ ಡಬ್ಬಿ ಎಲ್ಲವನ್ನೂ ತೊಳೆದು, ವಿನೆಗರ್ ಬೆರೆಸಿದ ನೀರಿನಿಂದ ಒರೆಸಿ ಒಣಗಿಸಿರಿ. ತೆರೆದಿಟ್ಟ ಹಿಟ್ಟಿನ ಪೊಟ್ಟಣವನ್ನು ಬದಲಾಯಿಸಿರಿ.

ಈ ಬ್ಯಾಕ್ಟೀರಿಯಾಕ್ಕೆ ಹುಳಿ ಆಗದು. ಮಳೆಗಾಲ ಮುಗಿಯುವವರೆಗೆ 300 ಗ್ರಾಂ ಹಿಟ್ಟಿಗೆ ಒಂದು ಸಣ್ಣ ಚಮಚ ಬಿಳಿ ವಿನೆಗರ್ ಸೇರಿಸಿರಿ, ಇಲ್ಲವೇ ನೀರಿನ ಮೂರರಲ್ಲೊಂದು ಭಾಗಕ್ಕೆ ಬದಲಾಗಿ ಹುಳಿ ಮಜ್ಜಿಗೆ ಹಾಕಿರಿ. ರುಚಿಯಲ್ಲಿ ಗೊತ್ತೇ ಆಗುವುದಿಲ್ಲ. ಬೆಂದ ಕೂಡಲೇ ಬ್ರೆಡ್ಡನ್ನು ಪಾತ್ರೆಯಿಂದ ಹೊರತೆಗೆದು, ಕೆಳಗೂ ಗಾಳಿಯಾಡುವಂತೆ ತಂತಿಯ ಜಾಲರಿಯ ಮೇಲೆ ಎರಡು ಗಂಟೆ ಫ್ಯಾನಿನಡಿ ಇಟ್ಟು, ಪೂರ್ತಿ ತಣಿದ ಮೇಲಷ್ಟೇ ಮುಚ್ಚಬೇಕು. ಬಿಸಿಯಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಒಳಗೆ ಬೆವರಿ, ಬೂಸ್ಟಿಗೂ ಬ್ಯಾಕ್ಟೀರಿಯಾಕ್ಕೂ ಅನುಕೂಲವಾಗುತ್ತದೆ.

ಅಂಗಡಿಯ ಬ್ರೆಡ್ ಹೆಚ್ಚು ದಿನ ಉಳಿಯುವುದಕ್ಕೆ ಬೂಸ್ಟು ತಡೆಯುವ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಒಂದು ಕಾರಣ. ಮೆತ್ತಗಿರುವುದಕ್ಕೆ ಅದರಲ್ಲಿ ಬೆರೆಸುವ ಕಿಣ್ವಗಳು ಮತ್ತು ಎಮಲ್ಸಿಫೈಯರ್‌ಗಳು ಕಾರಣ. ಇವು ನಿಯಮಕ್ಕೆ ಒಳಪಟ್ಟ ಪದಾರ್ಥಗಳೇ. ಹಿಟ್ಟನ್ನು ಬಲಪಡಿಸಲು ಹಿಂದೆ ಬಳಕೆಯಲ್ಲಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು 2016ರಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ನಿಷೇಧಿಸಿದೆ.

ಫ್ರಿಜ್‌ನಲ್ಲಿ ಬಿರುಸಾಗುವುದು ಬ್ರೆಡ್ ಒಣಗಿದ್ದರಿಂದಲ್ಲ. ಬೇಯುವಾಗ ಸಡಿಲಗೊಂಡ ಪಿಷ್ಟ ಮತ್ತೆ ಗಟ್ಟಿಕಟ್ಟುವ ಕ್ರಿಯೆ ಫ್ರಿಜ್‌ನೊಳಗಿನ ಉಷ್ಣತೆಯಲ್ಲೇ ಅತ್ಯಂತ ವೇಗವಾಗಿ ನಡೆಯುತ್ತದೆ. ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲಿ ಅದು ಬಹುಮಟ್ಟಿಗೆ ನಿಲ್ಲುತ್ತದೆ. ಆದುದರಿಂದ ಮಾಡಿದ ದಿನಕ್ಕೂ ಮರುದಿನ ಬೆಳಗ್ಗೆಗೂ ಬೇಕಾದಷ್ಟನ್ನು ಹೊರಗೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ, ಉಳಿದದ್ದನ್ನು ಹೋಳು ಮಾಡಿ ಗಾಳಿ ಹೋಗದ ಚೀಲದಲ್ಲಿ ಫ್ರೀಜರಿಗೆ ಹಾಕಿರಿ. ಬೇಕಾದಾಗ ಹೋಳುಗಳನ್ನು ಕರಗಲು ಬಿಡದೆ ನೇರವಾಗಿ ಕಾದ ಕಾವಲಿಗೆ ಹಾಕಿ ಎರಡೂ ಬದಿ ಬಿಸಿ ಮಾಡಿದರೆ ಗಟ್ಟಿಕಟ್ಟಿದ ಪಿಷ್ಟ ಸಡಿಲಗೊಂಡು ಅವು ಮತ್ತೆ ಮೆತ್ತಗಾಗುತ್ತವೆ.